ಎರಡೂ ಕಡೆ ನೀಲಿ ದಿಂಬು

ಜನವರಿ 12

ನನ್ನ ಕುಳ್ಳಿಗೆ,

ಫೋನ್ ಮಾಡಬೇಡ, ಕಾಗದ ಬರೆ ಅಂದಿದ್ದಕ್ಕೆ ದೊಡ್ಡಮ್ಮನ ಹತ್ತಿರ ಮುಖ ಊದಿಸಿಕೊಂಡೆಯಂತೆ. ಊದಿಸಿಕೊಳ್ಳುವುದೇನಿದೆ? ಇಷ್ಟು ವರ್ಷ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ನನ್ನ ಬಲಗಿವಿ ರಾಜೀನಾಮೆ ಕೊಟ್ಟಿದೆ. ಎಡಗಿವಿ ಬೇಕೆಂದಾಗ ರಜೆ ಹಾಕುತ್ತದೆ. ಆ ಕಡೆಯಿಂದ ನೀನು ಏನೋ ಹೇಳುತ್ತೀಯ, ಈ ಕಡೆಯಿಂದ ನಾನು ಸುಮ್ಮನೆ ಹೂಂಗುಟ್ಟುತ್ತೇನೆ. ಅದೂ ಅಲ್ಲದೆ ಫೋನಿನಲ್ಲಿ ನಿನ್ನದು ಒಂದೇ ಮಾತು, "ಚೆನ್ನಾಗಿದೀನಮ್ಮ". ಅಷ್ಟನ್ನೇ ಬರೆದು ಕಾಗದ ಕಳಿಸಲು ಯಾರಿಗಾದರೂ ನಾಚಿಕೆಯಾಗುತ್ತದೆ. ಅದಕ್ಕೇ ಕಾಗದ.

ಇದರ ಜೊತೆಗಿರುವ ಗಂಟು ಬಿಚ್ಚಿ ನೋಡು. ನೀನು ವಿಮಾನ ಓಡಿಸುವ ಸೀಟು ನಡುವೆ ಕುಸಿದು ಹಳ್ಳ ಬಿದ್ದಿದೆ, ಇಳಿಯುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಕಳೆದ ಸಲ ಬಂದಾಗ ಹೇಳಿದ್ದೆಯಲ್ಲ. ಕೇಳಿ ನನಗೆ ಅವಮಾನವಾಯಿತು. ಊರಿನ ಶಾಲೆ ವ್ಯಾನು, ಆಂಬುಲೆನ್ಸು, ಲಾರಿ ಎಲ್ಲದಕ್ಕೂ ಸೀಟು ಹೊಲಿಯುವವಳು ನಾನು. ನನ್ನ ಮಗಳು ಹಳ್ಳದಲ್ಲಿ ಕೂತು ಅಷ್ಟು ಜನರನ್ನು ಹೊತ್ತುಕೊಂಡು ಹೋಗುವುದೇ? ಅದಕ್ಕೇ ಸೀಟಿನ ಮೇಲೆ ಹಾಕಿಕೊಳ್ಳಲು ಈ ದಿಂಬು. ಒಳಗೆ ಗಟ್ಟಿ ಸ್ಪಂಜು ಹಾಕಿದ್ದೇನೆ. ತೊಡೆಗೆ ಆಸರೆಯಾಗಲಿ ಎಂದು ಮುಂದಿನ ಅಂಚನ್ನು ದಪ್ಪ ಸುರುಳಿ ಮಾಡಿದ್ದೇನೆ. ಡ್ರೈವರುಗಳ ದಿಂಬಿಗಾದರೆ ಅಡಿಗೆ ಒರಟು ಗೋಣಿಬಟ್ಟೆ ಹಾಕುತ್ತೇನೆ, ಆದರೆ ನಿನ್ನದು ಯೂನಿಫಾರ್ಮಿನ ಕೆಲಸ. ಗೋಣಿಬಟ್ಟೆ ನೋಡಿ ಯಾರಾದರೂ ನಕ್ಕಾರು ಎಂದು ಎರಡೂ ಕಡೆ ನೀಲಿ ರೆಕ್ಸಿನ್ ಹಾಕಿದೆ. ನುಣ್ಣಗೆ ಹೇಗಿದೆ ನೋಡು!

ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದಾಳೆ. "ಇಷ್ಟು ಮೆತ್ತಗೆ ಮಾಡಿಕೊಟ್ಟರೆ ಅವಳು ಮೇಲೆ ನಿದ್ದೆ ಹೊಡೀತಾಳೆ, ಯೋಚನೆ ಮಾಡಿದ್ದೀಯಾ?" ಅನ್ನುತ್ತಿದ್ದಾಳೆ. ಇವಳು ವಿಮಾನದ ಚಿತ್ರ ಕಂಡರೂ ಕಣ್ಣು ಮುಚ್ಚಿಕೊಳ್ಳುವವಳು.

ಕ್ಯಾಪ್ಟನ್ ಪರೀಕ್ಷೆ ಏಪ್ರಿಲಿನಲ್ಲೇ ತಾನೇ? ಬೆನ್ನು ಹೇಗಿದೆ ಬರೆ.

ಮೆಷಿನ್ ಮುಂದೆ ಕೂತೇ ಬರೆದ,
ಅಮ್ಮ

*

ಜನವರಿ 27

ಅಮ್ಮ,

ಗಂಟು ಬಂತು. ಬಿಚ್ಚಿದ ಕೂಡಲೇ ನಿನ್ನ ಅಂಗಡಿಯ ವಾಸನೆ ಬಂತು, ಹೊಸ ರೆಕ್ಸಿನ್ನು, ಮೆಷಿನ್ ಎಣ್ಣೆ. ರೂಮಿನಲ್ಲಿ ಒಬ್ಬಳೇ ನಿಂತು ಮೂಸಿದೆ. ನಗಬೇಡ.

ದಿಂಬು ಬಹಳ ಚೆನ್ನಾಗಿದೆ. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು. ನಾನು ಹೆಚ್ಚಾಗಿ ಹಾರುವುದು ಒಬ್ಬ ಹಿರಿಯ ಕ್ಯಾಪ್ಟನ್ ಜೊತೆ, ಮಾತು ಮಾತಿಗೂ ಪಾಠ ಮಾಡುತ್ತಾರೆಂದು ನಾವೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತೇವೆ. ದಿಂಬು ನೋಡಿ, "ಏನಮ್ಮಾ ಇದು, ಸಿಂಹಾಸನ?" ಅಂದರು. "ನಮ್ಮಮ್ಮ ಹೊಲಿದಿದ್ದು ಸಾರ್" ಅಂದೆ. ಬೆರಳಿನಿಂದ ಒತ್ತಿ ನೋಡಿ, "ಕಂಪನಿಯವರಿಗಿಂತ ನಿಮ್ಮಮ್ಮನೇ ವಾಸಿ" ಅಂದರು.

ಕುಸಿದಿರುವುದು ನನ್ನ ಸೀಟೊಂದೇ ಅಲ್ಲ. ಎಲ್ಲರೂ ಬೆನ್ನು ನೋವೆಂದು ಒಬ್ಬರಿಗೊಬ್ಬರು ಗೊಣಗುತ್ತಾರೆ, ಕಂಪನಿಗೆ ಬರೆದು ಕೊಡುವವರು ಮಾತ್ರ ಯಾರೂ ಇಲ್ಲ. ನಮ್ಮ ವಿಶ್ರಾಂತಿ ಕೋಣೆಯಲ್ಲಿ ದಿಂಬಿನ ಸುದ್ದಿ ಹಬ್ಬಿದೆ. ಜಿರಾಫೆ ಅಂತ ಒಬ್ಬನಿದ್ದಾನೆ, ಬಾಗಿಲಲ್ಲಿ ತಲೆ ಬಗ್ಗಿಸದೆ ಬರಲಾರ. ಅವನೂ "ನಂಗೊಂದು ಮಾಡಿಸ್ಕೊಡು" ಅಂತ ಬೆನ್ನು ಬಿದ್ದಿದ್ದಾನೆ.

ಬೆನ್ನು ಈಗ ಎಷ್ಟೋ ಹಗುರ. ನಿಜವಾಗಿ.

ಸಿಂಹಾಸನದ ಮೇಲಿಂದ,
ಕುಳ್ಳಿ

*

ಫೆಬ್ರವರಿ 21

ಅಮ್ಮ,

ಬರೆಯುವುದು ತಡವಾಯಿತು. ಇಲ್ಲಿ ಒಂದು ಸಣ್ಣ ವಿಷಯ ಆಯಿತು, ಬೇರೆ ಯಾರಿಂದಲೋ ಕೇಳಿ ನೀನು ಗಾಬರಿಯಾಗಬಾರದೆಂದು ನಾನೇ ಬರೆಯುತ್ತಿದ್ದೇನೆ. ಹೋದ ವಾರ ಇಳಿಯುವಾಗ ಕಾಕ್‌ಪಿಟ್ಟಿನಲ್ಲಿ ಒಂದು ವಸ್ತು ಅಡ್ಡ ಸಿಕ್ಕಿಕೊಂಡಿತು. ಮತ್ತೆ ಮೇಲೇರಿ ಒಂದು ಸುತ್ತು ಹೊಡೆದು ಸಲೀಸಾಗಿ ಇಳಿದೆವು. ಯಾರಿಗೂ ಒಂದು ಗೀರೂ ಆಗಿಲ್ಲ. ಹೀಗಾದಾಗ ನಾವೇ ಸುರಕ್ಷತಾ ವಿಭಾಗಕ್ಕೆ ಬರೆದು ಕೊಡಬೇಕು, ಕೊಟ್ಟಿದ್ದೇವೆ. ವಿಚಾರಣೆ ಮುಗಿಯುವವರೆಗೆ ನಾನು ಹಾರುವ ಹಾಗಿಲ್ಲ, ಆಫೀಸಿನಲ್ಲಿ ಕೂತಿದ್ದೇನೆ. ಕ್ಯಾಪ್ಟನ್ ಪರೀಕ್ಷೆ ಮುಂದಕ್ಕೆ ಹೋಗಿದೆ. ಎಷ್ಟು ಮುಂದಕ್ಕೆ ಎಂದು ಯಾರೂ ಹೇಳುತ್ತಿಲ್ಲ.

ನೀನು ತಲೆಗೆ ಹಚ್ಚಿಕೊಳ್ಳಬೇಡ. ದಿಂಬು ಚೆನ್ನಾಗಿದೆ. ಬೆನ್ನೂ ಚೆನ್ನಾಗಿದೆ.

ಕುಳ್ಳಿ

*

ಮಾರ್ಚ್ 4

ಕುಳ್ಳಿ,

ನಿನ್ನ ಕಾಗದ ಬಂತು. "ಯಾರಿಗೂ ಒಂದು ಗೀರೂ ಆಗಿಲ್ಲ" ಎಂಬ ಸಾಲಿಗೆ ಬಂದ ಮೇಲೆಯೇ ಉಸಿರು ಬಿಟ್ಟಿದ್ದು. ದೊಡ್ಡಮ್ಮನಿಗೆ ಆ ಸಾಲನ್ನಷ್ಟೇ ಓದಿ ಹೇಳಿದೆ. ಮುಂದಿನದು ಕೇಳುವ ಧೈರ್ಯ ಅವಳಿಗಿಲ್ಲ, ಹಿಂದಿನದನ್ನು ಓದುವ ಧೈರ್ಯ ನನಗಿರಲಿಲ್ಲ.

ಅದು ಸರಿ, ಏನು ವಸ್ತು ಅದು? ಯಾವ ತಲೆಕೆಟ್ಟವನು ತಂದಿಟ್ಟ? ನೀನು ಹೆಸರು ಬರೆದಿಲ್ಲ ಅಂದರೆ ಯಾರನ್ನೋ ಉಳಿಸುತ್ತಿದ್ದೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಶಾಲೆ ವ್ಯಾನಿನವರಿಗೆ ನಾನು ಬಾಯಿ ನೋಯುವಷ್ಟು ಹೇಳುತ್ತೇನೆ, ನೀರಿನ ಬಾಟಲಿಯನ್ನು ಸೀಟಿನ ಕೆಳಗೆ ಉರುಳಲು ಬಿಡಬೇಡಿ, ಒಂದು ದಿನ ಬ್ರೇಕಿನ ಅಡಿಗೆ ಹೋಗಿ ಕೂತರೆ ಮಕ್ಕಳ ಗತಿ ಏನು ಅಂತ. ಅನಾಹುತಕ್ಕೆ ಒಂದು ಬಾಟಲಿ ಸಾಕು ಅನ್ನುವುದು ನೆಲದ ಮೇಲೆ ಓಡುವವರಿಗೇ ಗೊತ್ತಿರಬೇಕಾದ ಮಾತು. ಆಕಾಶದಲ್ಲಿ ಹೋಗುವವರಿಗೆ ಗೊತ್ತಿಲ್ಲವೇ? ಆ ಮನುಷ್ಯ ಎದುರಿಗೆ ಸಿಕ್ಕಿದರೆ ಕಿವಿ ಹಿಂಡಿ ಕಳಿಸುತ್ತಿದ್ದೆ. ನಿನ್ನ ಪರೀಕ್ಷೆ ಮುಂದೆ ಹೋಗಲು ಅವನೇ ಕಾರಣ. ಅವನ ಮೇಲೆ ಬರೆದು ಕೊಡು. ದಾಕ್ಷಿಣ್ಯ ಮಾಡಬೇಡ.

ಈಗ ಒಳ್ಳೆಯ ಸುದ್ದಿ. ಜಿರಾಫೆ, ಮೇಷ್ಟ್ರು ಎಲ್ಲರಿಗೂ ಬೆನ್ನು ನೋವೇ ಅಂದೆಯಲ್ಲ, ಕೈ ಸುಮ್ಮನಿರಲಿಲ್ಲ. ಇನ್ನೂ ಆರು ದಿಂಬು ಹೊಲಿದಿದ್ದೇನೆ. ಥೇಟ್ ನಿನ್ನದರ ಹಾಗೆಯೇ, ಎರಡೂ ಕಡೆ ನೀಲಿ. ನಿನಗೆ ಕಳಿಸಿದರೆ ಸಂಕೋಚ ಪಟ್ಟುಕೊಂಡು ಕಪಾಟಿನಲ್ಲಿ ಮುಚ್ಚಿಡುತ್ತೀಯ. ಅದಕ್ಕೆ ನಿಮ್ಮ ವಿಶ್ರಾಂತಿ ಕೋಣೆಯ ವಿಳಾಸಕ್ಕೇ ಕಳಿಸಿದೆ. "ಬೆನ್ನು ನೋವಿರುವವರು ತೆಗೆದುಕೊಳ್ಳಿ" ಅಂತ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ನಾಳೆ ನಾಡಿದ್ದರಲ್ಲಿ ಸಿಗುತ್ತದೆ. ನಾಲ್ಕು ಜನರ ಬೆನ್ನು ನೆಟ್ಟಗಾದರೆ ನಿನಗೂ ಒಳ್ಳೆಯದಾದೀತು.

ಸಿಟ್ಟೂ ಖುಷಿಯೂ ಒಟ್ಟಿಗೇ ಇರುವ,
ಅಮ್ಮ

*

ಮಾರ್ಚ್ 9

ಅಮ್ಮ,

ಮೊದಲು ಇದನ್ನು ಓದು: ಯಾರಿಗೂ ಏನೂ ಆಗಿಲ್ಲ. ಫೆಬ್ರವರಿಯಲ್ಲೂ ಆಗಿಲ್ಲ, ಮೊನ್ನೆಯೂ ಆಗಿಲ್ಲ. ಈಗ ನೀರು ಕುಡಿದು ಕೂತುಕೋ.

ಅಡ್ಡ ಸಿಕ್ಕಿಕೊಂಡ ವಸ್ತು ನಿನ್ನ ದಿಂಬು.

ನಮ್ಮ ಮುಂದೆ ನೆಲದಿಂದ ಎದ್ದ ಕಂಬದ ಮೇಲೆ ಒಂದು ಹಿಡಿಕೆ ಇರುತ್ತದೆ. ಅದನ್ನು ನಮ್ಮ ಕಡೆಗೆ ಎಳೆದರೆ ವಿಮಾನ ಮೂಗು ಎತ್ತುತ್ತದೆ. ಹೊರಡುವ ಮುಂಚೆ ಪೂರ್ತಿ ಎಳೆದು ನೋಡಿದ್ದೆ, ಸರಿಯಾಗಿತ್ತು. ಆದರೆ ಕೆಳಗಿಳಿಯುತ್ತಾ ಮೂಗು ತಗ್ಗಿದ ಹಾಗೆ ದಿಂಬು ನನ್ನನ್ನೂ ಕೂರಿಸಿಕೊಂಡು ಚೂರು ಚೂರೇ ಮುಂದಕ್ಕೆ ಜಾರಿದೆ. ಸೀಟೂ ನುಣುಪು, ದಿಂಬೂ ನುಣುಪು. ನನಗೆ ಗೊತ್ತೇ ಆಗಲಿಲ್ಲ. ರನ್‌ವೇ ಹತ್ತಿರ ಬಂತು, ಗಾಳಿ ಒಮ್ಮೆ ಕೆಳಕ್ಕೆ ಅದುಮಿತು, ಮೂಗು ಎತ್ತೋಣವೆಂದು ಹಿಡಿಕೆ ಎಳೆದೆ. ಅರ್ಧಕ್ಕೆ ನಿಂತಿತು. ಮತ್ತೆ ಎಳೆದೆ. ಮೆತ್ತಗೆ ಏನೋ ತಡೆಯುತ್ತಿದೆ. ಮೇಷ್ಟ್ರ ಕಡೆಯ ಹಿಡಿಕೆಯೂ ನನ್ನದರ ಜೊತೆ ಕೂಡಿಕೊಂಡೇ ಇರುತ್ತದೆ, ನನ್ನದು ಬರದಿದ್ದರೆ ಅವರದೂ ಬರುವುದಿಲ್ಲ.

"ಬರ್ತಿಲ್ಲ ಸಾರ್" ಅಂದೆ. ಅವರು ಪಾಠ ಮಾಡಲಿಲ್ಲ. "ಮೇಲೆ ಹೋಗೋಣ" ಅಂದು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟರು. ಅಷ್ಟರಲ್ಲಿ ನನ್ನ ಕೈ ತೊಡೆಗಳ ನಡುವೆ ಹೋಗಿತ್ತು. ನೀನು ಅಷ್ಟು ಚಂದವಾಗಿ ಹೊಲಿದ ಆ ದಪ್ಪ ಸುರುಳಿ ಸೀಟಿನಾಚೆ ಚಾಚಿಕೊಂಡು ಹಿಡಿಕೆಗೆ ಅಡ್ಡ ನಿಂತಿತ್ತು. ಅದನ್ನು ಅಂಗೈಯಿಂದ ಕೆಳಕ್ಕೆ ಅಮುಕಿದೆ, ಹಿಡಿಕೆ ಬಂತು, ನೆಲ ದೂರವಾಯಿತು. ಮೇಲೆ ಹೋದಮೇಲೆ ದಿಂಬನ್ನು ಎಳೆದು ತೆಗೆದೆವು. ಎರಡನೇ ಸಲ ಮೇಷ್ಟ್ರೇ ಇಳಿಸಿದರು. ಹಿಂದೆ ಕೂತವರಲ್ಲಿ ಒಬ್ಬರು ಇಳಿದು ಹೋಗುವಾಗ, "ಊರೆಲ್ಲ ಸುತ್ತು ಹಾಕಿ ತೋರಿಸಿದ್ರಿ, ಥ್ಯಾಂಕ್ಸ್" ಅಂದರು. 

ಇಷ್ಟನ್ನೂ ಅವತ್ತೇ ಸುರಕ್ಷತಾ ವಿಭಾಗದ ಮೇಡಂಗೆ ಬರೆದುಕೊಟ್ಟೆ. ಆದರೆ ಒಂದು ಬೇಡಿಕೊಂಡೆ. ಎಲ್ಲರಿಗೂ ನೋಟೀಸು ಹಾಕುವಾಗ ದಿಂಬು ಅಂತ ಬರೆಯಬೇಡಿ, ಇಲ್ಲಿ ಎಲ್ಲರಿಗೂ ಅದು ನಮ್ಮಮ್ಮನದು ಅಂತ ಗೊತ್ತು, ಅವರ ಬಗ್ಗೆ ಯಾರೂ ನಗಬಾರದು ಅಂದೆ. ಮೇಡಂಗೆ ಮನಸ್ಸಿರಲಿಲ್ಲ, ಆದರೂ ನನ್ನ ಮುಖ ನೋಡಿ "ವಿಚಾರಣೆ ಮುಗಿಯೋವರೆಗೆ ಮಾತ್ರ" ಎಂದು ಒಪ್ಪಿದರು. "ಕಾಕ್‌ಪಿಟ್ಟಿನಲ್ಲಿ ಸಡಿಲ ವಸ್ತುಗಳನ್ನು ಇಡಬಾರದು" ಎಂಬ ನೋಟೀಸು ಗೋಡೆಗೆ ಅಂಟಿತು. ಅಂಥ ನೋಟೀಸು ಗೋಡೆಯಲ್ಲಿ ಮೊದಲೇ ನಾಲ್ಕಿವೆ, ಯಾರೂ ತಲೆಯೆತ್ತಿ ನೋಡುವುದಿಲ್ಲ.

ಮೊನ್ನೆ ನಿನ್ನ ಕಾಗದ ಕೈಗೆ ಬಂತು. "ಆರು ದಿಂಬು" ಎಂದು ಓದಿದವಳೇ ಕಾಗದ ಅಲ್ಲೇ ಬಿಟ್ಟು ಎದ್ದೆ. ಮಹಡಿ ಇಳಿದು ವಿಶ್ರಾಂತಿ ಕೋಣೆಗೆ ಓಡಿದೆ. ನಿನ್ನ ಡಬ್ಬ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಐದೇ ಇದ್ದವು.

"ಇನ್ನೊಂದೆಲ್ಲಿ?" ಅಂತ ಕಿರುಚಿದೆ. ಕಾಫಿ ಕುಡಿಯುತ್ತಿದ್ದವರೊಬ್ಬರು, "ಜಿರಾಫೆ ಎತ್ಕೊಂಡು ಹೋದ, ಪಾಪ ತುಂಬಾ ಖುಷಿಯಾಗಿದ್ದ" ಅಂದರು.

ಅವನ ವಿಮಾನದ ಬಾಗಿಲು ಆಗಲೇ ಹಾಕಿತ್ತು. ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಕೋಣೆ ಅದೇ ಕಾರಿಡಾರಿನ ಇನ್ನೊಂದು ತುದಿಗಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಅಲ್ಲಿದ್ದವನ ಕೈಯಿಂದ ಮೈಕು ಕಿತ್ತುಕೊಂಡು, "ನಿನ್ನ ಹತ್ರ ಇರೋ ನೀಲಿ ದಿಂಬು ತೆಗಿ, ಈಗಲೇ ತೆಗಿ" ಅಂದೆ. ಅವನು, "ಯಾಕೆ, ವಾಪಸ್ ಬೇಕಾ? ಒಂದ್ಸಲ ಕೂತ್ಕೊಂಡು ಕೊಡ್ತೀನಿ" ಎಂದು ತಮಾಷೆ ಮಾಡಿದ. ನನಗೆ ಅಳು ಬಂತು. ಎಲ್ಲರೆದುರಿಗೆ ಹೇಳಿಬಿಟ್ಟೆ, "ಫೆಬ್ರವರಿಯಲ್ಲಿ ನನ್ನ ಹಿಡಿಕೆಗೆ ಸಿಕ್ಕಿಕೊಂಡಿದ್ದು ಅದೇ ದಿಂಬು ಕಣೋ. ಅಮ್ಮನ ದಿಂಬು." ಆ ಕಡೆ ತಮಾಷೆ ನಿಂತಿತು. ಆಮೇಲೆ, "ತೆಗೆದೆ. ಹಿಂದಿನ ಕಪಾಟಿಗೆ ಹಾಕಿ ಬೀಗ ಹಾಕಿಸ್ದೆ" ಅಂದ. ವಿಮಾನ ಇನ್ನೂ ನಿಂತ ಜಾಗದಲ್ಲೇ ಇತ್ತು. ಹೋದ ಜೀವ ಬಂದಹಾಗಾಯಿತು.

ಅಮ್ಮ, ನಿನಗೆ ನೋವಾಗಬಾರದು ಎಂದು ನಾನು ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಕ್ಕೆ ಅದೇ ದಿಂಬು ಇನ್ನೊಂದು ವಿಮಾನ ಹತ್ತಿತು. ದಿಂಬು ಜಾರಿದ್ದಕ್ಕೆ ನಾನು ಅತ್ತಿರಲಿಲ್ಲ, ಇದಕ್ಕೆ ಅತ್ತೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮೇಡಂ ಮುಂದಿನ ತಿಂಗಳು ಕರೆಯುತ್ತಾರೆ.

ಕಿವಿ ಹಿಂಡಿಸಿಕೊಳ್ಳಬೇಕಾದವಳು,
ನಿನ್ನ ಕುಳ್ಳಿ

*

ಮಾರ್ಚ್ 19

ಮಗಳೇ,

ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳ. ಎರಡನೆಯದರಲ್ಲಿ ಬರೀ ಅಳು. ಇದರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇದೆ, ಸಹಿಸಿಕೋ.

ನಿನ್ನ ಕಾಗದ ಓದಿದ ದಿನ ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಗೋಣಿಬಟ್ಟೆ ಯಾಕೆ ಹಾಕುತ್ತಾರೆ ಅಂತ ನನಗೆ ಗೊತ್ತಿಲ್ಲದ ವಿಷಯವೇ? ಜಾರಬಾರದು ಅಂತಲೇ ಹಾಕುವುದು. ನಾಲ್ಕು ಜನರೆದುರು ನನ್ನ ಮಗಳ ದಿಂಬು ಚಂದ ಕಾಣಲಿ ಅಂತ ಆಸೆಪಟ್ಟೆ. ಅಷ್ಟೇ ಕಣೇ. ಲಾರಿ ಡ್ರೈವರಿಗೆ ಕೊಟ್ಟ ಗಮನ ನಿನಗೆ ಕೊಡಲಿಲ್ಲವಲ್ಲ ಅಂತ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗಿದೆ. ದೊಡ್ಡಮ್ಮ ಚಹಾ ತಂದಿಟ್ಟು ಪಕ್ಕದಲ್ಲೇ ಕೂತಳು. 

ಈಗ ಬೈಗುಳ. ನನ್ನ ದಿಂಬು ಜಾರಿತು ಅಂತ ಹೇಳಿದ್ದರೆ ನಾನೇನು ಸಾಯುತ್ತಿದ್ದೆನೇ? ಒಂದು ದಿನ ಅಳುತ್ತಿದ್ದೆ, ಮಾರನೇ ದಿನ ಗೋಣಿಬಟ್ಟೆ ಕತ್ತರಿಸುತ್ತಿದ್ದೆ. ಆರು ದಿಂಬು ಹೊಲಿಯುತ್ತಿರಲಿಲ್ಲ. "ದಿಂಬು ಚೆನ್ನಾಗಿದೆ" ಅಂತ ಬರೆದೆಯಲ್ಲ, ಆ ಮಾತನ್ನು ನಂಬಿ ತಾನೇ ನಾನು ಹೊಲಿದಿದ್ದು? ನನ್ನನ್ನು ಗಾಜಿನ ಲೋಟ ಅಂದುಕೊಂಡಿದ್ದೀಯಾ?

ಎಲ್ಲಕ್ಕಿಂತ ಮೊದಲು ಆ ಮೇಡಂ ಹತ್ತಿರ ಹೋಗು. ನೋಟೀಸಿನಲ್ಲಿ ದಿಂಬು ಅಂತಲೇ ಬರೆಯಲಿ. ಅಮ್ಮನ ದಿಂಬು ಅಂತ ಬರೆದರೂ ನನಗೆ ಬೇಜಾರಿಲ್ಲ. ನಗುವವರು ನಗಲಿ, ನಕ್ಕರಾದರೂ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು. ಇವತ್ತಿನಿಂದ ನನಗೆ "ಚೆನ್ನಾಗಿದೆ" ಅಂತ ಬರೆಯಕೂಡದು. ಬೆನ್ನು ನೋಯುತ್ತಿದ್ದರೆ ನೋಯುತ್ತಿದೆ ಅನ್ನು. ಕೆಲಸ ಹೋದರೆ ಹೋಯಿತು ಅನ್ನು. ಹೋದರೆ ಇಲ್ಲಿಗೆ ಬಾ, ಎರಡನೇ ಮೆಷಿನ್ ಖಾಲಿ ಇದೆ. ಹೋಗಬಾರದು ಅಂತ ಮಾತ್ರ ಹಗಲೂ ರಾತ್ರಿ ಅಂದುಕೊಳ್ಳುತ್ತಿದ್ದೇನೆ. ನೀನು ಮೊದಲ ಸಲ ಹಾರಿದ ದಿನ ಬೀದಿಯಲ್ಲಿ ನಿಂತು, ಯಾವ ವಿಮಾನ ಹೋದರೂ ಅದು ನಿನ್ನದೇ ಅಂತ ಕೈ ಬೀಸಿದವಳು ನಾನು.

ಸಿಟ್ಟು ಇನ್ನೂ ಇಳಿಯದ,
ಅಮ್ಮ

*

ಏಪ್ರಿಲ್ 24

ಅಮ್ಮ,

ಕೆಲಸ ಉಳಿಯಿತು!

ಇದನ್ನು ಬೇರೆ ಸಾಲಿನಲ್ಲಿ ಬರೆದಿದ್ದು ದೊಡ್ಡಮ್ಮನಿಗೆ ನೀನು ಓದಿ ಹೇಳಲು ಸುಲಭವಾಗಲಿ ಎಂದು.

ತಿಂಗಳ ಮೊದಲಲ್ಲೇ ಮೇಡಂ ಕರೆದಿದ್ದರು, ಮತ್ತೆ ಹಾರಲು ಶುರುಮಾಡಿದ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಮೇಷ್ಟ್ರೂ ಬಂದಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವರೇ, "ದಿಂಬನ್ನ ಮೊದಲ ದಿನ ಬೆರಳಲ್ಲಿ ಒತ್ತಿ ನೋಡಿದವನು ನಾನು. ತಮಾಷೆ ಮಾಡಿದೆ. ಇದು ಜಾರುತ್ತಾ ಅಂತ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ" ಅಂದರು. ಮೇಡಂ ಇಬ್ಬರನ್ನೂ ನೋಡಿ, "ತಪ್ಪು ಹಂಚ್ಕೊಳ್ಳೋಕೆ ಕರೆದಿಲ್ಲ ನಿಮ್ಮನ್ನ" ಅಂದರು. ಅವರಿಗೆ ಬೇಕಾಗಿದ್ದು ಬೇರೆಯೇ. ಪೈಲಟ್ ಒಬ್ಬಳು ಮನೆಯಿಂದ ದಿಂಬು ತರುವಂತಾದದ್ದು ಯಾಕೆ? ಅದನ್ನೇ ಹಿಡಿದುಕೊಂಡು ಅವರು ವಿಮಾನಗಳನ್ನೆಲ್ಲ ಹತ್ತಿ ಸೀಟು ಒತ್ತಿ ನೋಡಿದ್ದಾರೆ. ಅರ್ಧಕ್ಕರ್ಧ ಸೀಟುಗಳಲ್ಲಿ ಹಳ್ಳ. ಯಾರೋ ಸ್ವೆಟರ್ ಮಡಚಿ ಹಾಕಿಕೊಂಡು ಕೂರುತ್ತಿದ್ದರಂತೆ. ಇನ್ನೊಬ್ಬರು ಹಳೆಯ ಟವೆಲ್ಲು. ಎಲ್ಲ ಅವರವರ ಗುಟ್ಟು. ಈಗ ಎಲ್ಲಾ ಸೀಟಿಗೂ ಹೊಸ ಸ್ಪಂಜು ಹಾಕುತ್ತಿದ್ದಾರೆ.

ನೋಟೀಸಿನ ವಿಷಯಕ್ಕೆ ಮಾತ್ರ ಚೆನ್ನಾಗಿ ಬೈಸಿಕೊಂಡೆ. ಮೇಡಂ ತಮ್ಮನ್ನೂ ಬೈದುಕೊಂಡರು. ಹೊಸ ನೋಟೀಸಿನಲ್ಲಿ ದಿಂಬಿನ ಚಿತ್ರವೇ ಇದೆ, ನೀಲಿ ಬಣ್ಣದಲ್ಲಿ. ನಿನ್ನ ಮಾತು ಅವರಿಗೆ ಹೇಳಿದೆ. "ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಬರೀರಿ" ಅಂದರು. ಬರೆದಿದ್ದೇನೆ.

ಈಗ ಇಲ್ಲಿ ಯಾವ ಸಡಿಲ ವಸ್ತುವಿಗಾದರೂ "ಅಮ್ಮನ ದಿಂಬು" ಅಂತಲೇ ಹೆಸರು. ಪೆನ್ನು ಬಿದ್ದಿರಲಿ, ಫೋನಿರಲಿ, ಮುಚ್ಚಳವಿಲ್ಲದ ಕಾಫಿ ಲೋಟವಿರಲಿ. ಇಳಿಯುವ ಮುಂಚೆ ಮೇಷ್ಟ್ರು ಕೇಳುತ್ತಾರೆ, "ಅಮ್ಮನ ದಿಂಬು ಏನಾದ್ರೂ ಇದೆಯೇನಮ್ಮಾ?" ನಾನು ಸುತ್ತ ನೋಡಿ, ಕಾಲ ಬಳಿ ಕೈಯಾಡಿಸಿ, "ಇಲ್ಲ ಸಾರ್" ಅನ್ನುತ್ತೇನೆ. ಮೊದಮೊದಲು ಮುಖ ತಿರುಗಿಸಿಕೊಂಡು ಹೇಳುತ್ತಿದ್ದೆ. ಈಗ ನಗು ಬರುತ್ತದೆ.

ನಿನ್ನ ಐದು ದಿಂಬುಗಳು ಲೆಕ್ಕಪತ್ರ ವಿಭಾಗದವರ ಕುರ್ಚಿ ಸೇರಿವೆ. ಆ ಕುರ್ಚಿಗಳು ಎಲ್ಲಿಗೂ ಹಾರುವುದಿಲ್ಲ. ಜಿರಾಫೆ ತನ್ನದನ್ನು ಮನೆಗೆ ಒಯ್ದ. ನನ್ನದು ಮೇಡಂ ಹತ್ತಿರ ಇದೆ, ಹೊಸಬರಿಗೆ ಪಾಠ ಮಾಡುವಾಗ ಮೇಜಿನ ಮೇಲಿಟ್ಟು ತೋರಿಸುತ್ತಾರೆ. ಹೊಲಿಗೆ ಬಹಳ ಗಟ್ಟಿ ಅಂತ ಹೊಗಳುತ್ತಾರಂತೆ.

ಕ್ಯಾಪ್ಟನ್ ಪರೀಕ್ಷೆ ಜೂನಿನಲ್ಲಿ. ಹೆದರಿಕೆಯಿದೆ. ನೋಡು, ಇದ್ದದ್ದು ಇದ್ದಹಾಗೆ ಬರೆದಿದ್ದೇನೆ.

ಮತ್ತೆ ಹಾರುತ್ತಿರುವ,
ಕುಳ್ಳಿ

*

ಜುಲೈ 8

ಕ್ಯಾಪ್ಟನ್ ಕುಳ್ಳಿಗೆ,

ಬಂದು ತಲುಪಿದೆವು. ಹೋಗುವಾಗ ನೀನೇ ಓಡಿಸಿದ ವಿಮಾನ, ಬರುವಾಗ ರೈಲು. ವಾಪಸ್ಸಿಗೂ ಟಿಕೆಟ್ ತೆಗೆಯುತ್ತೇನೆ ಅಂದೆಯಲ್ಲ, ದೊಡ್ಡಮ್ಮ ಒಂದು ಜನ್ಮಕ್ಕೆ ಒಂದು ಸಲ ಸಾಕು ಅಂದಳು. ಆದರೆ ಬೀದಿಯವರಿಗೆಲ್ಲ ತಾನೇ ವಿಮಾನ ಓಡಿಸಿಕೊಂಡು ಹೋದ ಹಾಗೆ ಹೇಳುತ್ತಿದ್ದಾಳೆ.

ಅವತ್ತು ಒಳಗೆ ನಡೆದದ್ದನ್ನು ನಿನಗೆ ಹೇಳಲು ಆಗಿರಲಿಲ್ಲ. ಹೊರಡುವಾಗ ನೀನು ಮೈಕಿನಲ್ಲಿ ಮಾತಾಡಿದೆ. ನನಗೆ ಒಂದಕ್ಷರ ಕೇಳಿಸಲಿಲ್ಲ. ದೊಡ್ಡಮ್ಮ ನನ್ನ ಎಡಗಿವಿಗೆ ಬಾಯಿಟ್ಟು, "ನಾನು ನಿಮ್ಮ ಕ್ಯಾಪ್ಟನ್ ಅಂತಿದಾಳೆ ಕಣೇ" ಎಂದು ಕೂಗಿದಳು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. "ನಮ್ಮ ಮಗಳು" ಅಂದೆ. ಕಣ್ಣಲ್ಲಿ ನೀರು ಬಂತು, ಕಿಟಕಿ ಕಡೆ ತಿರುಗಿಕೊಂಡೆ.

ಮೇಲೆಲ್ಲ ಚೆನ್ನಾಗಿಯೇ ಇತ್ತು. ಇಳಿಯುವಾಗ ಮನೆಗಳು, ಮರಗಳು, ರಸ್ತೆಯಲ್ಲಿ ವ್ಯಾನುಗಳು ಕಾಣುವಷ್ಟು ಕೆಳಗೆ ಬಂದಿದ್ದೆವು. ಇದ್ದಕ್ಕಿದ್ದಹಾಗೆ ಎಂಜಿನ್ ಗುಡುಗಿ ವಿಮಾನ ಮತ್ತೆ ಮೇಲಕ್ಕೆ ಹೊರಟಿತು. ಆ ಸದ್ದು ನನ್ನ ಬಲಗಿವಿಗೂ ಕೇಳಿಸಿತು. ದೊಡ್ಡಮ್ಮ ನನ್ನ ತೋಳಿಗೆ ಉಗುರು ಇಳಿಸಿ, "ಅಯ್ಯೋ ಏನಾಯ್ತೇ, ಏನಾಯ್ತೇ!" ಅಂತ ಕಣ್ಣು ಮುಚ್ಚಿದಳು. ಹಿಂದೆ ಯಾವುದೋ ಮಗು ಅಳತೊಡಗಿತು.

ನನಗೆ ಏನೂ ಅನ್ನಿಸಲಿಲ್ಲ, ನಂಬುತ್ತೀಯಾ? "ಸುಮ್ನಿರೇ ಅಕ್ಕ, ಏನೋ ಅಡ್ಡ ಸಿಕ್ಕಿರುತ್ತೆ. ತೆಗೆದು ಇಳಿಸ್ತಾಳೆ" ಅಂದೆ.

ಆಮೇಲೆ ನೀನೇ ಮೈಕಿನಲ್ಲಿ ಹೇಳಿದೆಯಂತೆ, ಮುಂದೆ ಇಳಿದ ವಿಮಾನ ದಾರಿ ಬಿಡಲು ತಡಮಾಡಿತು, ಅದಕ್ಕೆ ಇನ್ನೊಂದು ಸುತ್ತು ಅಂತ. ಅದನ್ನೂ ದೊಡ್ಡಮ್ಮನೇ ಕಣ್ಣು ಮುಚ್ಚಿಕೊಂಡು ನನಗೆ ಹೇಳಿದಳು. ಎರಡನೇ ಸಲ ಎಷ್ಟು ಮೆತ್ತಗೆ ಇಳಿಸಿದೆ ಅಂದರೆ, ಇಳಿದದ್ದೇ ಗೊತ್ತಾಗದೆ ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ತೋಳು ಹಿಡಿದುಕೊಂಡೇ ಇದ್ದಳು. ಗುರುತು ಇನ್ನೂ ಇದೆ.

ಎಲ್ಲರೂ ಇಳಿದ ಮೇಲೆ ನಿನ್ನ ಸೀಟು ತೋರಿಸಿದೆಯಲ್ಲ, ಅಲ್ಲಿ ಸಂಕೋಚಕ್ಕೆ ಹೇಳಲಿಲ್ಲ. ಸ್ಪಂಜು ಒಳ್ಳೆಯದೇ ಹಾಕಿದ್ದಾರೆ. ಎಡಗಡೆ ಮೂಲೆಯಲ್ಲಿ ದಾರ ಸ್ವಲ್ಪ ಸಡಿಲವಿದೆ. ಅದನ್ನು ಮೇಡಂಗೆ ಬರೆದು ಕೊಡು.

ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಮಾಡಿದ್ದೇನೆ. ಯಾವ ಗಾಡಿ ಬಂದರೂ ಅಳತೆ ತೆಗೆಯುವ ಮುಂಚೆ ಡ್ರೈವರ್ ಸೀಟಿನ ಕೆಳಗೆ ಕೈ ಹಾಕುವುದು. ಬಾಟಲಿ, ಆಟಿಕೆ, ಒಂಟಿ ಚಪ್ಪಲಿ, ಸಿಕ್ಕಿದ್ದನ್ನೆಲ್ಲ ತೆಗೆದು ಡ್ರೈವರ್ ಕೈಗೇ ಕೊಡುತ್ತೇನೆ. ಒಬ್ಬ, "ಏನಮ್ಮಾ, ಪೊಲೀಸ್ ಆಗ್ಬಿಟ್ರಾ?" ಅಂದ. "ಕ್ಯಾಪ್ಟನ್ ಅಮ್ಮ ಕಣಪ್ಪಾ" ಅಂದೆ.

ಸೀಟಿನಿಂದ ನೀನು ಎದ್ದು ಬಂದದ್ದನ್ನು ನೋಡಿದೆ. ಒಂದು ಕೈ ಸೊಂಟದ ಮೇಲಿತ್ತು. ನನಗೆ ಕಿವಿ ಮಂದ, ಕಣ್ಣಲ್ಲ. ಬೆನ್ನು ಹೇಗಿದೆ?

ಒಂದು ಸುತ್ತು ಹೆಚ್ಚಿಗೆ ಹಾರಿದ,
ಅಮ್ಮ

*

ಜುಲೈ 15

ಅಮ್ಮ,

ಮೂಲೆಯ ದಾರದ ವಿಷಯ ಬರೆದು ಕೊಟ್ಟೆ. ಮೇಡಂ ನಿಜವಾಗಿಯೂ ಒಬ್ಬರನ್ನು ಕಳಿಸಿ ಹೊಲಿಸಿದರು.

ಆ ದಿನ ಮೇಲಕ್ಕೆ ಹೊರಟಾಗ ಹಿಂದೆ ನೀವಿಬ್ಬರೂ ಕೂತಿರುವುದು ನೆನಪಾಯಿತು. ನೀನು ಹೆದರಿರುತ್ತೀಯ ಅಂದುಕೊಂಡಿದ್ದೆ. ನೀನು ದೊಡ್ಡಮ್ಮನಿಗೆ ಹೇಳಿದ ಮಾತನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಠ ಮಾಡಲಿಲ್ಲ.

ನಿನ್ನ ಪ್ರಶ್ನೆಗೆ "ಚೆನ್ನಾಗಿದೆ" ಎಂದು ಬರೆಯಲು ಕೈ ಹೋಗಿತ್ತು. ಹೊಡೆದು ಹಾಕಿದ್ದೇನೆ, ಅಂಚಿನಲ್ಲಿ ಗುರುತು ಕಾಣುತ್ತದೆ ನೋಡು.

ಬೆನ್ನು ನೋಯುತ್ತಿದೆ, ಅಮ್ಮ. ಬೆಳಿಗ್ಗೆ ಏಳುವಾಗ ಜಾಸ್ತಿ. ಸೀಟಿನ ತಪ್ಪಿಲ್ಲ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಸೋಮಾರಿತನಕ್ಕೆ ಬಿಟ್ಟಿದ್ದೇನೆ. ನಾಳೆಯಿಂದ ಮಾಡುತ್ತೇನೆ. ಹೆಚ್ಚಾದರೆ ಮೊದಲು ಮೇಡಂಗೆ ಬರೆಯುತ್ತೇನೆ, ಅದೇ ದಿನ ನಿನಗೂ.

ಸೊಂಟದ ಮೇಲೆ ಕೈಯಿಟ್ಟುಕೊಂಡೇ,
ನಿನ್ನ ಕುಳ್ಳಿ